ಅಪರೂಪದ ಬೋವಾ ಹುಡುಕಿ ಕೊಳ್ಳುವ ಕ್ರಮ: ಹಾಗ್ ಐಲ್ಯಾಂಡ್ ಬೋವಾ ಬೇಕೆನ್ನುವವರಿಗೆ

ಅಮೆರಿಕದ ಯಾವ ರೆಪ್ಟೈಲ್ ಎಕ್ಸ್‌ಪೋಗೆ (ಸರೀಸೃಪಗಳ ಮೇಳ) ಹೋದರೂ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬೋವಾ ಎಂಬ, ಹೆಬ್ಬಾವಿನಂಥ ವಿಷವಿಲ್ಲದ ಹಾವಿನ ಮರಿಗಳು ಸಾಲಾಗಿ ಕೂತಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಕೊಲಂಬಿಯಾ ಮೂಲದ ಮಾಮೂಲಿ ಬೋವಾಗಳು, ಇಲ್ಲವೇ ಅವುಗಳಿಂದ ತೆಗೆದ ಬಣ್ಣಬಣ್ಣದ ಮಾರ್ಫ್‌ಗಳು, ಅಂದರೆ ಬಣ್ಣಕ್ಕೆಂದೇ ಆರಿಸಿ ಬೆಳೆಸಿದ ಬಗೆಗಳು. ಅಪರೂಪದ್ದೇ ಬೇಕು ಎಂದು ಹೊರಟವರಿಗೆ ಎರಡು ತೊಂದರೆ. ಬೇಕೆಂದಾಗ ಸಿಗುವುದಿಲ್ಲ, ಸಿಕ್ಕಿದ್ದು ಅಸಲಿಯೇ ಎಂದು ಕಣ್ಣಿನಿಂದ ನೋಡಿ ಹೇಳಲಾಗುವುದಿಲ್ಲ. ಮೊದಲನೆಯದಕ್ಕೆ ತಾಳ್ಮೆ ಸಾಕು. ಎರಡನೆಯದಕ್ಕೆ ಮಾರುವವರ ದಾಖಲೆ ಓದಲು ಕಲಿಯಬೇಕು. ನೀವು ಕೊಡುವ ಹಣದಲ್ಲಿ ಅರ್ಧ ಹಾವಿಗಾದರೆ ಇನ್ನರ್ಧ ಆ ದಾಖಲೆಗೆ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಹಾಗ್ ಐಲ್ಯಾಂಡ್ ಬೋವಾ. ಹೊಂಡುರಾಸ್‌ನ ಉತ್ತರ ಕರಾವಳಿಯಾಚೆ ಕಾಯೋಸ್ ಕೊಚಿನೋಸ್ (ಇಂಗ್ಲಿಷಿನಲ್ಲಿ ಹಾಗ್ ಐಲ್ಯಾಂಡ್ಸ್) ಎಂಬ ಪುಟ್ಟ ದ್ವೀಪಸಮೂಹವಿದೆ, ಎರಡು ಚಿಕ್ಕ ದ್ವೀಪಗಳು ಮತ್ತು ಸುತ್ತ ಕೆಲವು ಮರಳು ತಿಟ್ಟುಗಳು. ಅಲ್ಲಿನ ಬೋವಾಗಳು ತಿಳಿ ಗುಲಾಬಿ, ಕೆನೆ, ಬೂದು ಬಣ್ಣ ಬೆರೆತಂತೆ ಇರುತ್ತವೆ. ಬಾಲದಲ್ಲಿ ಕಿತ್ತಳೆ ಛಾಯೆ. ಹಗಲಿಗಿಂತ ರಾತ್ರಿ ಇನ್ನಷ್ಟು ಬಿಳುಚಿಕೊಳ್ಳುತ್ತವೆ. 1970–80ರ ದಶಕಗಳಲ್ಲಿ ಸಾಕು ಪ್ರಾಣಿ ವ್ಯಾಪಾರಕ್ಕಾಗಿ ಇವನ್ನು ಎಗ್ಗಿಲ್ಲದೆ ಹಿಡಿದು ಸಾಗಿಸಿದ್ದರಿಂದ ದ್ವೀಪದಲ್ಲಿ ಸಂಖ್ಯೆ ತೀರಾ ಕುಸಿಯಿತು. ಈಗ ಆ ಜಾಗಕ್ಕೆ ರಕ್ಷಣೆಯಿದೆ, ಹಾವು ಹೊರಬರುವಂತಿಲ್ಲ. ಹಾಗಾಗಿ ಇಂದು ಮಾರಾಟಕ್ಕಿರುವ ಪ್ರತಿಯೊಂದು ಶುದ್ಧ ಮರಿಯೂ ಅಂದು ಬಂದ ಹಾವುಗಳ ಸಂತತಿಯೇ ಆಗಿರಬೇಕು.

ಭಾರತದಲ್ಲಿರುವವರು ಮೊದಲು ಇದನ್ನು ಓದಿ

ಕೆಳಗಿನ ಹೆಜ್ಜೆಗಳು ಅಮೆರಿಕದಲ್ಲಿ, ಸ್ವಲ್ಪ ಮಟ್ಟಿಗೆ ಬ್ರಿಟನ್ ಮತ್ತು ಯುರೋಪಿನಲ್ಲಿ ನೆಲೆಸಿರುವವರಿಗೆ. ಬೋವಾ ಕುಟುಂಬದ ಹಾವುಗಳೆಲ್ಲ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯಿಂದ ಈ ಪಟ್ಟಿಯ ವಿದೇಶಿ ಪ್ರಾಣಿಗಳೂ ಭಾರತದ ಕಾನೂನಿನ ಹಿಡಿತಕ್ಕೆ ಬಂದವು. 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿ ಯಾರ ಬಳಿಯಿದ್ದರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹೊರದೇಶದಿಂದ ತರಲು ಸೈಟಿಸ್ ಪತ್ರ, ಆಮದು ಪರವಾನಗಿ, ಆರೋಗ್ಯ ಪ್ರಮಾಣಪತ್ರ ಎಲ್ಲವೂ ಬೇಕು. ಇನ್‌ಸ್ಟಾಗ್ರಾಮ್‌ನಲ್ಲಿ ಸಂದೇಶ ಕಳಿಸಿ ‘ಬೆಂಗಳೂರಿಗೆ ಹೋಮ್ ಡೆಲಿವರಿ’ ಎನ್ನುವವನ ಬಳಿ ಇದ್ಯಾವುದೂ ಇರುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನೊಬ್ಬನ ಬ್ಯಾಗಿನಲ್ಲಿ ಹತ್ತು ಹಳದಿ ಅನಕೊಂಡಾಗಳು ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದವು. ಅನಕೊಂಡಾ ಕೂಡ ಬೋವಾ ಕುಟುಂಬದ್ದೇ.

ನಮ್ಮ ಹೊಲಗಳಲ್ಲಿ ಸಿಗುವ ಮಣ್ಣುಮುಕ್ಕ ಹಾವು, ಅಂದರೆ ಜನ ಎರಡು ತಲೆ ಹಾವು ಎನ್ನುವುದು, ಬೋವಾಗಳ ನಂಟೇ. ಅದನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಮೂರೂ ಅಪರಾಧ. ಅದೃಷ್ಟ, ನಿಧಿ, ಔಷಧ ಎಂದು ಲಕ್ಷಗಟ್ಟಲೆ ಬೆಲೆ ಹೇಳುವವರೆಲ್ಲ ಮೋಸಗಾರರು.

ವಿದೇಶದಲ್ಲಿರುವ ಕನ್ನಡಿಗರು ಯೋಚಿಸಬೇಕಾದ್ದೂ ಒಂದಿದೆ. ಬೋವಾ ಇಪ್ಪತ್ತರಿಂದ ಮೂವತ್ತು ವರ್ಷ ಬದುಕುತ್ತದೆ. ನಿಮ್ಮ ವೀಸಾ ಅಷ್ಟು ಕಾಲ ಇರುತ್ತದೆಯೇ? ಊರಿಗೆ ಮರಳುವಾಗ ಜತೆಗೆ ತರುವ ದಾರಿ ಬಹುಪಾಲು ಮುಚ್ಚಿದೆ. ಕೊಳ್ಳುವ ದಿನವೇ, ಹಿಂದಿರುಗಬೇಕಾಗಿ ಬಂದರೆ ಹಾವು ಯಾರಿಗೆ ಎಂಬುದನ್ನು ತೀರ್ಮಾನಿಸಿ. ಕೆಲವು ಬ್ರೀಡರ್‌ಗಳು (ಹಾವು ಸಾಕಿ ಮರಿ ಮಾಡಿಸಿ ಮಾರುವವರು) ತಾವು ಮಾರಿದ ಹಾವನ್ನು ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳುತ್ತಾರೆ. ಕೇಳಿ, ಒಪ್ಪಿದರೆ ಅದನ್ನು ಬರಹದಲ್ಲಿ ಪಡೆಯಿರಿ.

ಯಾವ ಅಪರೂಪ?

ಅಪರೂಪ ಎನ್ನುವುದರಲ್ಲೇ ಮೂರ್ನಾಲ್ಕು ಬಗೆ ಇದೆ, ಒಂದೊಂದಕ್ಕೂ ಕೊಳ್ಳುವ ದಾರಿ ಬೇರೆ.

ಹಾಗ್ ಐಲ್ಯಾಂಡ್ ಬೋವಾ ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ. ಅಮೆರಿಕದೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಲು ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. ಮಡಗಾಸ್ಕರ್‌ನ ಡುಮೆರಿಲ್ ಬೋವಾ ಮತ್ತು ಅರ್ಜೆಂಟೀನಾ ಬೋವಾ ಇನ್ನೂ ಕಟ್ಟುನಿಟ್ಟಾದ ಮೊದಲನೇ ಅನುಬಂಧದವು. ಅಮೆರಿಕದಲ್ಲಿಯೇ ಹುಟ್ಟಿದ ಮರಿಗಳು ಅಲ್ಲಿ ಕೈಬದಲಾಗುತ್ತಿರುತ್ತವೆ, ಆದರೆ ಗಡಿ ದಾಟಿಸುವುದು ದೊಡ್ಡ ಕೆಲಸ. ಬ್ರಿಟನ್ ಮತ್ತು ಯುರೋಪ್ ಒಕ್ಕೂಟದಲ್ಲಿ ಇವೆರಡನ್ನೂ ಮಾರಲು ಸರ್ಕಾರ ಕೊಡುವ ಆರ್ಟಿಕಲ್ 10 ಪ್ರಮಾಣಪತ್ರ ಬೇಕು; ಅದಿಲ್ಲದೆ ಮಾರುವವನ ಬಳಿ ಮಾತೇ ಬೇಡ. ಜಮೈಕಾ ಬೋವಾ, ಪೋರ್ಟೊ ರಿಕೊ ಬೋವಾಗಳು ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ಬರುತ್ತವೆ. ಅವನ್ನು ರಾಜ್ಯದ ಗಡಿ ದಾಟಿಸಿ ಮಾರುವುದಕ್ಕೆ ಕೇಂದ್ರದ ಅನುಮತಿ ಕಡ್ಡಾಯ.

ಇನ್ನು ಕೊಳ್ಳಲೇಬಾರದ ಅಪರೂಪ. ಬ್ರೆಜಿಲ್‌ನ ಕ್ರೊಪಾನಿ ಬೋವಾವನ್ನು 1953ರಲ್ಲಿ ಮೊದಲು ವಿವರಿಸಿದ ಮೇಲೆ ಜೀವಂತವಾಗಿ ಮತ್ತೆ ಕೈಗೆ ಸಿಕ್ಕಿದ್ದು 2017ರಲ್ಲಿ. ಬಹಾಮಾಸ್‌ನ ಬೆಳ್ಳಿ ಬೋವಾ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದೇ 2015ರಲ್ಲಿ. ಇಂಥವು ಮಾರಾಟಕ್ಕಿವೆ ಎಂದರೆ ಒಂದೋ ಸುಳ್ಳು, ಇಲ್ಲವೇ ಕಳ್ಳಸಾಗಣೆ. ಬೇರೆ ದೇಶದ ಕಾನೂನು ಮುರಿದು ಹಿಡಿದ ಪ್ರಾಣಿಯನ್ನು ಕೊಂಡರೆ ಅಮೆರಿಕದ ಲೇಸಿ ಕಾಯ್ದೆ ಕೊಂಡವನನ್ನೂ ಹಿಡಿಯುತ್ತದೆ. ‘ನನಗೆ ಗೊತ್ತಿರಲಿಲ್ಲ’ ಎಂಬ ಉತ್ತರ ಪ್ರತಿ ಸಲವೂ ಕೆಲಸಕ್ಕೆ ಬರುವುದಿಲ್ಲ.

ಮೊದಲ ಹಾವಿಗೆ ಈ ಪಟ್ಟಿಯಲ್ಲಿ ಹಾಗ್ ಐಲ್ಯಾಂಡ್ ಬೋವಾವೇ ಒಳ್ಳೆಯದು. ಮುಖ್ಯ ಭೂಭಾಗದ ಬೋವಾ ಎರಡು ಮೀಟರ್ ದಾಟುವ ಕಡೆ ಇದು ಸಾಮಾನ್ಯವಾಗಿ ಒಂದೂಕಾಲರಿಂದ ಒಂದೂಮುಕ್ಕಾಲು ಮೀಟರ್‌ಗೆ ನಿಲ್ಲುತ್ತದೆ. ಗಂಡು ಇನ್ನೂ ಸಣ್ಣದು. ಸ್ವಭಾವವೂ ಸಾಧು. ಡುಮೆರಿಲ್ ಸುಂದರ, ಆದರೆ ಜಾಗ ಬದಲಾದರೆ ತಿಂಗಳುಗಟ್ಟಲೆ ಊಟ ಬಿಡುವ ಹಠಮಾರಿ. ಅನುಭವವಿಲ್ಲದವರಿಗೆ ಅದು ನಿದ್ದೆಗೆಡಿಸುತ್ತದೆ.

ಮನೆ, ಊರು, ರಾಜ್ಯದ ಕಾನೂನು

ಇಲ್ಲಿ ಬೇಗ ಮುಗಿಯುತ್ತದೆ, ಆದರೆ ಬಿಡಬೇಡಿ. ಹವಾಯಿಯಲ್ಲಿ ಯಾವ ಹಾವೂ ಸಾಕುವಂತಿಲ್ಲ. ಉಳಿದ ರಾಜ್ಯಗಳಲ್ಲಿ ರಾಜ್ಯ ಬಿಟ್ಟರೂ ಕೌಂಟಿ ಬಿಡದಿರಬಹುದು, ಕೌಂಟಿ ಬಿಟ್ಟರೂ ನಗರ ಬಿಡದಿರಬಹುದು. ನಗರದ ಪ್ರಾಣಿ ನಿಯಂತ್ರಣ ಕಚೇರಿಗೆ ಇಮೇಲ್ ಕಳಿಸಿ, ಉತ್ತರವನ್ನು ಉಳಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ನಾಳೆ ಸಾಕ್ಷಿಯಾಗದು. ಬಾಡಿಗೆ ಮನೆಯಾದರೆ ಕರಾರುಪತ್ರದಲ್ಲಿ ‘ಸಾಕುಪ್ರಾಣಿ’ ಎಂದರೆ ನಾಯಿ ಬೆಕ್ಕು ಮಾತ್ರವೇ ಎಂದು ನೋಡಿ. ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಮನೆಯ ವಿಮೆಯಲ್ಲೂ ಕೆಲವೊಮ್ಮೆ ಹೆಬ್ಬಾವು, ಬೋವಾಗಳನ್ನು ಹೊರಗಿಟ್ಟಿರುತ್ತಾರೆ.

ಎಲ್ಲಿ ಹುಡುಕಬೇಕು, ಯಾವಾಗ

ಬೋವಾ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಅಂಡೋತ್ಸರ್ಗದ ನಂತರ ಹೆಣ್ಣು ಒಮ್ಮೆ ಪೊರೆ ಬಿಡುತ್ತದೆ. ಅಲ್ಲಿಂದ ಸುಮಾರು ನೂರರಿಂದ ನೂರಿಪ್ಪತ್ತು ದಿನಕ್ಕೆ ಮರಿಗಳು. ಚಳಿಗಾಲದಲ್ಲಿ ಜೋಡಿ ಕೂಡಿಸುವವರೇ ಹೆಚ್ಚು, ಹಾಗಾಗಿ ಮರಿಗಳು ಬೇಸಿಗೆಯಿಂದ ಶರತ್ಕಾಲದೊಳಗೆ ಕಣ್ಣಿಗೆ ಬೀಳುತ್ತವೆ. ನೀವು ವಿಚಾರಿಸಬೇಕಾದ್ದು ಫೆಬ್ರವರಿ, ಮಾರ್ಚ್‌ನಲ್ಲಿ: ‘ಈ ವರ್ಷ ಹಾಗ್ ಐಲ್ಯಾಂಡ್ ಜೋಡಿ ಕೂಡಿಸಿದ್ದೀರಾ, ಕಾಯುವವರ ಪಟ್ಟಿಯಿದೆಯಾ?’ ಮರಿಗಳು ಹುಟ್ಟಿ ಜಾಹೀರಾತು ಬರುವ ಹೊತ್ತಿಗೆ ಒಳ್ಳೆಯವು ಪಟ್ಟಿಯಲ್ಲಿದ್ದವರಿಗೆ ಹೋಗಿರುತ್ತವೆ.

ಆನ್‌ಲೈನ್‌ನಲ್ಲಿ ಮಾರ್ಫ್‌ಮಾರ್ಕೆಟ್ ದೊಡ್ಡ ಸಂತೆ. ಅಲ್ಲಿ ‘ಹಾಗ್ ಐಲ್ಯಾಂಡ್’ ಎಂದು ಹುಡುಕಿದರೆ ಬರುವ ಫಲಿತಾಂಶಗಳಲ್ಲಿ ಮಿಶ್ರತಳಿಗಳೂ ಇರುತ್ತವೆ. ‘ಕ್ರಾಸ್’, ‘ಶೇಕಡಾ 50’, ‘ಶೇಕಡಾ 75’ ಎಂಬ ಸಣ್ಣ ಅಕ್ಷರಗಳನ್ನು ಓದಿ. ಮಾರುವವರ ಬಗ್ಗೆ ಹಿಂದಿನ ಗಿರಾಕಿಗಳು ಏನಂದಿದ್ದಾರೆ ಎಂಬುದಕ್ಕೆ ಫಾನಾಕ್ಲಾಸಿಫೈಡ್ಸ್‌ನ ಹಳೆಯ ದೂರು–ಮೆಚ್ಚುಗೆಗಳ ವಿಭಾಗ ಇವತ್ತಿಗೂ ಉಪಯುಕ್ತ. ಹೆಸರು, ಇಮೇಲ್, ಫೋನ್ ಸಂಖ್ಯೆ ಮೂರನ್ನೂ ಬೇರೆ ಬೇರೆಯಾಗಿ ಹುಡುಕಿ. ಹೆಸರು ಬದಲಿಸಿದವರು ಫೋನ್ ಬದಲಿಸಲು ಮರೆತಿರುತ್ತಾರೆ.

ಎಕ್ಸ್‌ಪೋಗಳಲ್ಲಿ ಇಲಿನಾಯ್‌ನ ಟಿನ್ಲಿ ಪಾರ್ಕ್, ಫ್ಲಾರಿಡಾದ ಡೇಟೋನಾ ದೊಡ್ಡವು. ಯುರೋಪಿನಲ್ಲಿ ಜರ್ಮನಿಯ ಹಾಮ್ ಪಟ್ಟಣದ ಮೇಳಕ್ಕೆ ಖಂಡದ ಎಲ್ಲ ಕಡೆಯಿಂದ ಜನ ಬರುತ್ತಾರೆ. ಅಲ್ಲಿ ಆಗುವ ಹೆಚ್ಚಿನ ಒಳ್ಳೆಯ ವ್ಯಾಪಾರ ಮೊದಲೇ ಮಾತಾಡಿಕೊಂಡದ್ದು. ಮೇಳ ಬರೀ ಕೈಗೊಪ್ಪಿಸುವ ಜಾಗ. ಮೇಜಿನ ಮೇಲಿರುವ ಮರಿಯನ್ನು ನೋಡಿದ ತಕ್ಷಣ ಪರ್ಸ್ ತೆಗೆಯುವುದೇ ಮೇಳಗಳಲ್ಲಿ ಆಗುವ ದೊಡ್ಡ ತಪ್ಪು. ಅಕ್ಕಪಕ್ಕದ ನೂರಾರು ಹಾವುಗಳ ರೋಗವೂ ಅದೇ ಮೇಜಿನ ಮೇಲಿರುತ್ತದೆ.

ಯುರೋಪಿನಿಂದ ಅಮೆರಿಕಕ್ಕೆ ತರಿಸುವುದು ಸಾಧ್ಯ, ಆದರೆ ಸೈಟಿಸ್ ರಫ್ತು ಪತ್ರ, ನಿಗದಿತ ಬಂದರಿನಲ್ಲಿ ವನ್ಯಜೀವಿ ತಪಾಸಣೆ, 3-177 ಘೋಷಣಾ ನಮೂನೆ ಎಲ್ಲ ಬೇಕು. ಒಂದು ಮರಿಗಾಗಿ ಈ ಖರ್ಚು ಹೊರುವುದರಲ್ಲಿ ಅರ್ಥವಿಲ್ಲ. ಹಲವರ ಹಾವುಗಳನ್ನು ಒಟ್ಟುಗೂಡಿಸಿ ತರುವ ಆಮದುದಾರರ ಮೂಲಕವೇ ಜನ ಇದನ್ನು ಮಾಡುತ್ತಾರೆ.

ವಂಶಾವಳಿ ಕೇಳುವ ಬಗೆ

ಇಡೀ ವ್ಯವಹಾರದ ಜೀವ ಇಲ್ಲಿದೆ. ಹಾಗ್ ಐಲ್ಯಾಂಡ್ ಬೋವಾಗಳನ್ನು ದಶಕಗಳಿಂದ ಕೊಲಂಬಿಯಾ ಬೋವಾಗಳ ಜತೆ ಕೂಡಿಸಿದ್ದಾರೆ. ಎರಡೂ ಒಂದೇ ಪ್ರಭೇದದ ಬೇರೆ ಬೇರೆ ಊರಿನವು, ಹಾಗಾಗಿ ಸಂತಾನಕ್ಕೆ ಅಡ್ಡಿಯಿಲ್ಲ. ಮೂರು ತಲೆಮಾರು ದಾಟಿದ ಮಿಶ್ರತಳಿಯ ಮರಿಯೊಂದು ಶುದ್ಧ ಮರಿಯಷ್ಟೇ ತಿಳಿ ಬಣ್ಣದಲ್ಲಿರಬಹುದು. ಬೆಳೆದ ಮೇಲೆ ಎರಡು ಮೀಟರ್ ದಾಟಿದರೆ ಅನುಮಾನಿಸಬಹುದು, ಆದರೆ ಅಷ್ಟು ಹೊತ್ತಿಗೆ ಕೊಂಡು ಐದು ವರ್ಷ ಕಳೆದಿರುತ್ತದೆ. ಪೊರೆಯ ತುಂಡು ಕಳಿಸಿ ಮಾಡಿಸುವ ಮಾರ್ಫ್ ಪರೀಕ್ಷೆಯನ್ನು ತೋರಿಸಿ ‘ಶುದ್ಧ’ ಎನ್ನುವವರಿದ್ದಾರೆ. ಬಣ್ಣದ ಜೀನ್ ಇದೆಯೋ ಇಲ್ಲವೋ ಎನ್ನುವ ಪರೀಕ್ಷೆ ದ್ವೀಪದ ಮೂಲವನ್ನು ಹೇಳುವುದಿಲ್ಲ.

ಉಳಿಯುವುದು ಕಾಗದ ಮತ್ತು ಮಾತು. ಮೊದಲ ಇಮೇಲ್‌ನಲ್ಲೇ ಇಷ್ಟು ಕೇಳಿ: ಮರಿ ಹುಟ್ಟಿದ ತಾರೀಖು, ಆ ಸೂಲಿನಲ್ಲಿ ಎಷ್ಟು ಜೀವಂತ ಮರಿ, ಎಷ್ಟು ಸತ್ತದ್ದು, ಎಷ್ಟು ಬಂಜೆ ಮೊಟ್ಟೆ (ಫಲಿಸದೆ ಮರಿಗಳ ಜತೆ ಹೊರಬರುವವು), ತಾಯಿ ತಂದೆಯ ಈಚಿನ ಚಿತ್ರ, ಉದ್ದ, ತೂಕ, ಅವೆರಡನ್ನೂ ಯಾರಿಂದ, ಯಾವ ವರ್ಷ ಕೊಂಡದ್ದು, ಅವರಿಗೆ ಎಲ್ಲಿಂದ ಬಂದದ್ದು. ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಅಳತೆಗೋಲು. ನಿಜವಾಗಿ ಈ ತಳಿಯ ಹಿಂದೆ ಬಿದ್ದವರು ಹಿಂದಿನ ಎರಡು ಮೂರು ಬ್ರೀಡರ್‌ಗಳ ಹೆಸರು ಹೇಳುತ್ತಾರೆ, ಕೆಲವೊಮ್ಮೆ ನೀವು ಕೇಳಿದ್ದಕ್ಕಿಂತ ಹೆಚ್ಚು ಹೇಳಿ ತಲೆ ತಿನ್ನುತ್ತಾರೆ. ‘ಶೇಕಡಾ ನೂರು ಪ್ಯೂರ್, ನಂಬಿ’ ಎಂದಷ್ಟೇ ಬಂದರೆ ಅಲ್ಲಿಗೆ ಬಿಡಿ. ಹೇಳಿದ ಹಳೆಯ ಬ್ರೀಡರ್‌ಗೂ ಒಂದು ಸಂದೇಶ ಹಾಕಿ, ಇಂಥವರಿಗೆ ಇಂಥ ವರ್ಷ ಜೋಡಿ ಮಾರಿದ್ದು ಹೌದೇ ಎಂದು ಕೇಳಿ.

ಗಂಡು ಹೆಣ್ಣು ಅಣ್ಣ ತಂಗಿಯರೇ ಎಂಬುದನ್ನೂ ಕೇಳಬೇಕು. ಹೊರಗಿನ ರಕ್ತ ಬಾರದ ಸಣ್ಣ ಸಂತತಿಯಲ್ಲಿ ಒಳಸಂಬಂಧ ಹೆಚ್ಚು. ನೀವು ಮುಂದೆ ಮರಿ ಮಾಡಿಸುವ ಯೋಚನೆಯಲ್ಲಿದ್ದರೆ ಗಂಡನ್ನು ಒಬ್ಬರಿಂದ, ಹೆಣ್ಣನ್ನು ಬೇರೆ ಸಾಲಿನವರಿಂದ ಕೊಳ್ಳಿ.

ಊಟದ ದಾಖಲೆ ಪ್ರತ್ಯೇಕವಾಗಿ ಬೇಕು. ಪ್ರತಿ ಊಟದ ದಿನ, ಇಲಿಯ ಗಾತ್ರ, ಜೀವಂತವೋ ಕರಗಿಸಿದ್ದೋ, ತಿಂದದ್ದೋ ಬಿಟ್ಟದ್ದೋ. ಕನಿಷ್ಠ ಐದಾರು ಬಾರಿ ತಾನಾಗಿ ತಿಂದು ಅರಗಿಸಿಕೊಂಡ ಮರಿಯನ್ನಷ್ಟೇ ಕೊಳ್ಳಿ, ಅದರಲ್ಲೂ ಕರಗಿಸಿದ ಇಲಿ ತಿನ್ನುವುದನ್ನು. ‘ಎರಡು ಸಲ ತಿಂದಿದೆ, ಈಗಲೇ ಕಳಿಸುತ್ತೇನೆ’ ಎಂಬ ಆತುರ ಬೇಡ.

ಚಿತ್ರ, ವಿಡಿಯೊ, ಹಣ

ಕದ್ದ ಚಿತ್ರ ಹಾಕಿ ಹಣ ಪಡೆದು ಮಾಯವಾಗುವವರು ಅಪರೂಪದ ಹಾವುಗಳ ಹೆಸರನ್ನೇ ಹೆಚ್ಚು ಬಳಸುತ್ತಾರೆ. ಚಿತ್ರವನ್ನು ಗೂಗಲ್‌ನಲ್ಲಿ ಹಾಕಿ ಬೇರೆಲ್ಲಾದರೂ ಇದೆಯೇ ನೋಡಿ. ನಂತರ, ಆ ದಿನದ ತಾರೀಖು ಮತ್ತು ನಿಮ್ಮ ಹೆಸರು ಬರೆದ ಚೀಟಿಯ ಪಕ್ಕ ಹಾವಿಟ್ಟು ಹೊಸ ಚಿತ್ರ ಕಳಿಸಲು ಹೇಳಿ: ಮೇಲಿನಿಂದ, ಪಕ್ಕದಿಂದ, ತಲೆ, ಬಾಲದ ತುದಿ. ಬೋವಾದ ಬೆನ್ನಿನ ಪಟ್ಟೆಗಳು ಎರಡು ಹಾವುಗಳಲ್ಲಿ ಒಂದೇ ಥರ ಇರುವುದಿಲ್ಲ. ಬಂದ ಹಾವು ಅದೇ ಹೌದೇ ಎಂದು ಮುಂದೆ ಹೋಲಿಸಲು ಇವು ಬೇಕು. ಜತೆಗೆ ಅರ್ಧ ನಿಮಿಷದ ವಿಡಿಯೊ, ಸಮತಟ್ಟಾದ ಜಾಗದಲ್ಲಿ ಹರಿದಾಡುವುದು.

ಹಣವನ್ನು ಕ್ರೆಡಿಟ್ ಕಾರ್ಡ್‌ನಲ್ಲಿ ಅಥವಾ ಖರೀದಿದಾರರಿಗೆ ರಕ್ಷಣೆಯಿರುವ ಬಗೆಯಲ್ಲಿ ಕೊಡಿ. ಪೇಪಾಲ್‌ನಂಥದ್ದರಲ್ಲಿ ‘ಸ್ನೇಹಿತರಿಗೆ’ ಕಳಿಸುವ ಆಯ್ಕೆ, ಬ್ಯಾಂಕಿನಿಂದ ನೇರ ಹಣ ಕಳಿಸುವ ಝೆಲ್, ಗಿಫ್ಟ್ ಕಾರ್ಡ್ ಎಂದರೆ ಹಣ ಹೋದಂತೆ. ಮುಂಗಡ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಅದರಲ್ಲಿ ತಪ್ಪಿಲ್ಲ. ಆದರೆ ಮರಿ ಸತ್ತರೆ, ಊಟ ಬಿಟ್ಟರೆ ಏನು ಎಂಬುದು ಬರಹದಲ್ಲಿರಬೇಕು. ಜೀವಂತ ತಲುಪುವ ಭರವಸೆ ಎಲ್ಲರೂ ಕೊಡುತ್ತಾರೆ. ಅದರ ಷರತ್ತು ಓದಿ. ಮೊದಲ ಡೆಲಿವರಿಗೇ ಪೆಟ್ಟಿಗೆ ಪಡೆಯದಿದ್ದರೆ, ತಲುಪಿದ ಒಂದೆರಡು ಗಂಟೆಯೊಳಗೆ ಚಿತ್ರ ಕಳಿಸದಿದ್ದರೆ ಭರವಸೆ ರದ್ದು ಎಂದಿರುತ್ತದೆ.

ಬೆಲೆಯ ಬಗ್ಗೆ: ಶುದ್ಧ ಹಾಗ್ ಐಲ್ಯಾಂಡ್ ಮರಿ ಕೆಲವು ನೂರು ಡಾಲರ್‌ಗೆ ಸಿಗುತ್ತದೆ. ಗೂಡು, ಶಾಖದ ಫಲಕ, ಥರ್ಮೋಸ್ಟಾಟ್, ರಕ್ತಪರೀಕ್ಷೆ ಎಲ್ಲ ಸೇರಿದರೆ ಹಾವಿಗಿಂತ ಹೆಚ್ಚೇ ಆಗುತ್ತದೆ. ಆ ಹಣ ಕೈಯಲ್ಲಿಲ್ಲದೆ ಹಾವು ಕೊಳ್ಳಬೇಡಿ.

ಕೈಗೆ ತೆಗೆದುಕೊಂಡು ನೋಡುವುದು

ಎದುರಿಗೆ ನೋಡುವ ಅವಕಾಶವಿದ್ದರೆ ದನದ ಜಾತ್ರೆಯಲ್ಲಿ ಹಲ್ಲು ಹಿಡಿದು ನೋಡುವ ರೈತನ ಹಾಗೆ ನೋಡಿ, ಸಂಕೋಚ ಬೇಡ. ಮೊದಲು ಕೈಗೆ ಸ್ಯಾನಿಟೈಸರ್ ಹಾಕಿಕೊಳ್ಳಿ. ಹಾವನ್ನು ಎರಡು ಕೈಗಳ ನಡುವೆ ನಿಧಾನಕ್ಕೆ ಹರಿಯಲು ಬಿಡಿ, ಬೆರಳುಗಳು ಬೆನ್ನುಮೂಳೆಯ ಇಕ್ಕೆಲದಲ್ಲಿರಲಿ. ಗಂಟು, ಕೊಂಕು ಬೆರಳಿಗೆ ಸಿಗುತ್ತದೆ. ಆರೋಗ್ಯವಂತ ಮರಿ ಕೈಯನ್ನು ಬಿಗಿಯಾಗಿ ಹಿಡಿಯುತ್ತದೆ, ನಾಲಿಗೆ ಆಡಿಸುತ್ತದೆ. ಜೋಲಾಡುವುದು ಒಳ್ಳೆಯ ಲಕ್ಷಣವಲ್ಲ. ದವಡೆ ಕೆಳಗಿನ ಮಡಿಕೆ, ಕಣ್ಣಿನ ಸುತ್ತ, ಗುದದ್ವಾರದ ಹುರುಪೆಯ ಅಂಚು ಈ ಮೂರು ಕಡೆ ರಕ್ತ ಹೀರುವ ನುಸಿ, ಅಂದರೆ ಮೈಟ್ ಇರುತ್ತದೆ, ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. ಕೆಳಗಿಟ್ಟ ಮೇಲೆ ನಿಮ್ಮ ಅಂಗೈ ನೋಡಿಕೊಳ್ಳಿ, ಚುಕ್ಕೆ ನಡೆದಾಡುತ್ತಿದ್ದರೆ ಮುಗಿಯಿತು. ಡಬ್ಬಿಯ ನೀರಿನ ಬಟ್ಟಲಲ್ಲೂ ಮುಳುಗಿದ ಮೈಟ್ ತೇಲುತ್ತಿರುತ್ತದೆ.

ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಉಸಿರಿನ ಜತೆ ಕಿರುಗುಟ್ಟುವ ಸದ್ದು ಇವು ಶ್ವಾಸದ ಸೋಂಕು. ಪೊರೆಗೆ ಬಂದ ಹಾವಿನ ಕಣ್ಣು ಮಬ್ಬಾಗಿರುತ್ತದೆ, ಅದು ರೋಗವಲ್ಲ. ಆದರೆ ಒಂದು ಕಣ್ಣು ಮಾತ್ರ ಮಬ್ಬಾಗಿದ್ದರೆ ಹಳೆಯ ಪೊರೆ ಅಂಟಿಕೊಂಡಿರಬಹುದು. ಮರಿಯನ್ನು ಹಿಡಿದು ತಲೆಕೆಳಗು ಮಾಡಿದರೆ ತಕ್ಷಣ ಹೊರಳಿ ನೇರವಾಗಬೇಕು. ಆಕಾಶ ನೋಡುವ ಹಾಗೆ ತಲೆ ಹಿಂದಕ್ಕೆ ವಾಲಿಸಿ ನಿಂತರೆ ಅದು ನರ ಕೆಡಿಸುವ ರೋಗದ ಲಕ್ಷಣವಿರಬಹುದು, ಆ ಮೇಜಿನ ಯಾವ ಹಾವನ್ನೂ ಮುಟ್ಟದೆ ಹೊರಡಿ.

ಲಿಂಗ ಪರೀಕ್ಷೆಯನ್ನು ಮಾರುವವರೇ ನಿಮ್ಮೆದುರು ಮಾಡಿ ತೋರಿಸಲಿ. ಗುದದ್ವಾರದಿಂದ ಬಾಲದ ಕಡೆಗೆ ತೆಳು ಸಲಾಕೆ ಹಾಕಿದರೆ ಗಂಡಿನಲ್ಲಿ ಸುಮಾರು ಹತ್ತು ಹುರುಪೆಯಷ್ಟು ಆಳಕ್ಕೆ, ಹೆಣ್ಣಿನಲ್ಲಿ ಮೂರರಷ್ಟಕ್ಕೆ ಹೋಗುತ್ತದೆ. ಕಲಿಯದವರು ಈ ಕೆಲಸಕ್ಕೆ ಕೈ ಹಾಕಿದರೆ ಹಾವಿಗೆ ಒಳಗಾಯ.

ಸಾಗಣೆ

ಅಮೆರಿಕದ ಅಂಚೆ ಇಲಾಖೆ ಹಾವನ್ನು ಸಾಗಿಸುವುದಿಲ್ಲ. ಫೆಡ್‌ಎಕ್ಸ್‌ನ ರಾತ್ರೋರಾತ್ರಿ ತಲುಪಿಸುವ ಸೇವೆಯನ್ನು ಶಿಪ್ ಯುವರ್ ರೆಪ್ಟೈಲ್ಸ್‌ನಂಥ ಮಧ್ಯವರ್ತಿಗಳ ಲೇಬಲ್ ಮೂಲಕ ಬಳಸುವುದೇ ರೂಢಿ. ಸೋಮವಾರದಿಂದ ಬುಧವಾರದೊಳಗೆ ಕಳಿಸಬೇಕು. ಗುರುವಾರ ಹೊರಟದ್ದು ಒಂದು ದಿನ ತಡವಾದರೆ ವಾರಾಂತ್ಯ ಪೂರ್ತಿ ಗೋದಾಮಿನಲ್ಲಿ. ಮನೆ ಬಾಗಿಲಿಗಿಂತ ಹತ್ತಿರದ ಫೆಡ್‌ಎಕ್ಸ್ ಕೇಂದ್ರದಲ್ಲೇ ಇಟ್ಟುಕೊಳ್ಳಲು ಹೇಳಿ ನೀವೇ ಹೋಗಿ ತರುವುದು ಒಳ್ಳೆಯದು. ಡೆಲಿವರಿ ವ್ಯಾನಿನ ಹಿಂಭಾಗ ಬೇಸಿಗೆಯಲ್ಲಿ ಒಲೆಯಾಗಿರುತ್ತದೆ.

ಕಳಿಸುವ ಊರು, ವಿಮಾನ ಬದಲಾಗುವ ಊರು, ನಿಮ್ಮ ಊರು ಮೂರರ ಹವಾಮಾನವನ್ನೂ ನೋಡಬೇಕು. 4ರಿಂದ 32 ಡಿಗ್ರಿ ಸೆಲ್ಸಿಯಸ್‌ನ ಆಚೆ ಎಲ್ಲಾದರೂ ಹೋದರೆ ಆ ವಾರ ಬೇಡ. ಥರ್ಮೋಕೋಲ್ ಹಾಸಿದ ಪೆಟ್ಟಿಗೆ, ಒಳಗೆ ಬಟ್ಟೆ ಚೀಲ ಅಥವಾ ತೂತಿರುವ ಡಬ್ಬಿ, ಸುತ್ತ ಮುದುಡಿದ ಕಾಗದ. ಚಳಿಯಿದ್ದರೆ 40 ಗಂಟೆಯ ಶಾಖದ ಪೊಟ್ಟಣವನ್ನು ಮುಚ್ಚಳಕ್ಕೆ ಅಂಟಿಸಬೇಕು, ಹಾವಿಗೆ ತಾಗುವ ಹಾಗಲ್ಲ. ಈ ಪೊಟ್ಟಣ ಗಾಳಿಯ ಆಮ್ಲಜನಕದಿಂದಲೇ ಬಿಸಿಯಾಗುವುದು. ಪೆಟ್ಟಿಗೆಗೆ ತೂತಿಲ್ಲದಿದ್ದರೆ ಪೊಟ್ಟಣವೂ ಆರುತ್ತದೆ, ಹಾವಿಗೂ ಉಸಿರು ಸಾಲದು. ಹೊರಡುವ ಮುನ್ನ ಕನಿಷ್ಠ ಒಂದು ವಾರ ಊಟ ಕೊಟ್ಟಿರಬಾರದು. ಹೊಟ್ಟೆಯಲ್ಲಿ ಇಲಿಯಿದ್ದರೆ ದಾರಿಯಲ್ಲೇ ಕಕ್ಕುತ್ತದೆ.

ಗೂಡು ಹಾವಿಗಿಂತ ಮೊದಲು

ಹಾವು ಬರುವ ಒಂದು ವಾರ ಮೊದಲೇ ಗೂಡು ಚಾಲೂ ಇರಬೇಕು. ಮರಿಗೆ ಸುಮಾರು 40×25×15 ಸೆಂ.ಮೀ. ಟಬ್ ಸಾಕು, ದೊಡ್ಡ ಗೂಡಿನಲ್ಲಿ ಮರಿ ಹೆದರಿ ಊಟ ಬಿಡುತ್ತದೆ. ಬೆಳೆದದ್ದಕ್ಕೆ 120×60×45 ಸೆಂ.ಮೀ. ಪಿವಿಸಿ ಗೂಡು. ಒಂದು ತುದಿ 31–32 ಡಿಗ್ರಿ (88–90 ಫ್ಯಾರನ್‌ಹೀಟ್), ಇನ್ನೊಂದು ತುದಿ 25–27. ರಾತ್ರಿ 23ಕ್ಕಿಂತ ಕೆಳಗೆ ಬೇಡ. ತೇವಾಂಶ ಶೇಕಡಾ 55–65, ಪೊರೆ ಬಿಡುವಾಗ 70. ಬಿಸಿ ತುದಿಯಲ್ಲೊಂದು, ತಂಪು ತುದಿಯಲ್ಲೊಂದು ಅಡಗುದಾಣ, ಹಾವು ಸುತ್ತಿಕೊಂಡರೆ ಮೂರು ಕಡೆ ಮೈ ತಾಗುವಷ್ಟು ಬಿಗಿಯಾದದ್ದು.

ಥರ್ಮೋಸ್ಟಾಟ್ ಇಲ್ಲದ ಶಾಖದ ಮ್ಯಾಟ್ ಹಾವಿನ ಹೊಟ್ಟೆ ಸುಡುತ್ತದೆ. ಸಂವೇದಕವನ್ನು ಮ್ಯಾಟ್ ಮತ್ತು ಟಬ್ಬಿನ ನಡುವೆ ಟೇಪಿನಿಂದ ಭದ್ರಪಡಿಸಿ. ಒಳಗೆ ಬಿಟ್ಟರೆ ಹಾವು ಅದನ್ನು ಸರಿಸುತ್ತದೆ ಅಥವಾ ಅದರ ಮೇಲೆ ಉಚ್ಚೆ ಹೊಯ್ಯುತ್ತದೆ, ಥರ್ಮೋಸ್ಟಾಟ್ ತಂಪಾಗಿದೆ ಎಂದು ತಿಳಿದು ಕಾಯಿಸುತ್ತಲೇ ಹೋಗುತ್ತದೆ. ಟಬ್ಬಿನ ಒಳನೆಲದ ಬಿಸಿಯನ್ನು ಇನ್‌ಫ್ರಾರೆಡ್ ಗನ್ನಿನಿಂದ ವಾರಕ್ಕೊಮ್ಮೆ ಅಳೆಯಿರಿ. ಹಾಸು ಮೊದಲ ಆರು ತಿಂಗಳು ಬರೀ ಬಿಳಿ ಪೇಪರ್ ಟವೆಲ್. ಮೈಟ್, ರಕ್ತ, ಕಕ್ಕಿದ್ದು ಎಲ್ಲ ಅದರ ಮೇಲೆ ಕಾಣುತ್ತದೆ.

ಬಂದ ಮೇಲೆ: ಪ್ರತ್ಯೇಕವಾಸ

ಮನೆಯಲ್ಲಿ ಬೇರೆ ಹಾವಿದ್ದರೆ ಹೊಸದು ಬೇರೆ ಕೋಣೆಯಲ್ಲಿರಬೇಕು, ಕನಿಷ್ಠ 90 ದಿನ. ಬೋವಾಗಳಿಗೆ ಆರು ತಿಂಗಳೇ ಸರಿ, ಕಾರಣ ಐಬಿಡಿ (ಇನ್‌ಕ್ಲೂಷನ್ ಬಾಡಿ ಡಿಸೀಸ್) ಎಂಬ ಹಾವುಗಳ ರೋಗ. ಅರೆನಾವೈರಸ್ ಇದರ ಹಿಂದಿದೆ ಎಂದು 2012ರಲ್ಲಿ ಗೊತ್ತಾಯಿತು. ಹೆಬ್ಬಾವಿಗೆ ತಗುಲಿದರೆ ಬೇಗ ನರ ಕೆಡಿಸಿ ಕೊಲ್ಲುವ ಈ ರೋಗ ಬೋವಾದೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಹಾವು ತಿನ್ನುತ್ತದೆ, ಬೆಳೆಯುತ್ತದೆ, ಮರಿ ಕೂಡ ಹಾಕುತ್ತದೆ, ಮರಿಗೂ ದಾಟಿಸುತ್ತದೆ. ಇದಕ್ಕೆ ಔಷಧವಿಲ್ಲ. ಆದ್ದರಿಂದ ಸರೀಸೃಪ ಬಲ್ಲ ಪಶುವೈದ್ಯರಲ್ಲಿ ರಕ್ತದ ಪಿಸಿಆರ್ ಮತ್ತು ರಕ್ತದ ಲೇಪ ಎರಡನ್ನೂ ಮಾಡಿಸಿ, ಮೂರ್ನಾಲ್ಕು ತಿಂಗಳು ಬಿಟ್ಟು ಇನ್ನೊಮ್ಮೆ. ಒಂದೇ ನೆಗೆಟಿವ್ ಫಲಿತಾಂಶವನ್ನು ಹಿಡಿದು ಕುಣಿಯಬೇಡಿ. ಮಾರುವವರೇ ತಮ್ಮ ತಾಯಿ ತಂದೆ ಹಾವುಗಳ ಪರೀಕ್ಷಾ ವರದಿ ಕೊಟ್ಟರೆ ಅಂಥವರಿಗೆ ನೂರು ಡಾಲರ್ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಪ್ರತ್ಯೇಕವಾಸದ ಹಾವನ್ನು ದಿನದ ಕೊನೆಗೆ ನೋಡಿಕೊಳ್ಳಿ, ಅದರ ಚಿಮುಟ, ಬಟ್ಟಲು, ಬಟ್ಟೆ ಬೇರೆ ಇರಲಿ. ಪಾತ್ರೆಗಳನ್ನು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಹಾಕಿ, ವಾಸನೆ ಹೋಗುವ ತನಕ ತೊಳೆದು ಒಣಗಿಸಿ. ಮೈಟ್ ಕಂಡರೆ ಹಾವನ್ನು ಬೇರೆ ಟಬ್ಬಿಗೆ ಹಾಕಿ, ಗೂಡಿಗೆ ಸರೀಸೃಪಗಳಿಗೆಂದೇ ಇರುವ ಪರ್ಮೆಥ್ರಿನ್ ಸ್ಪ್ರೇ ಹೊಡೆದು, ಪೂರ್ತಿ ಒಣಗಿದ ಮೇಲಷ್ಟೇ ಹಾವನ್ನು ಬಿಡಿ. ಮೈಟಿನ ಮೊಟ್ಟೆಯಿಂದ ಮೊಟ್ಟೆಯವರೆಗಿನ ಸುತ್ತು ಎರಡು ಮೂರು ವಾರದ್ದು, ಹಾಗಾಗಿ ಒಮ್ಮೆ ಹೊಡೆದು ನಿಲ್ಲಿಸಿದರೆ ತಿಂಗಳೊಳಗೆ ವಾಪಸ್.

ಬಂದ ದಿನ ತೂಕ ಹಾಕಿ, ಚಿತ್ರ ತೆಗೆದು, ಗೂಡಿಗೆ ಬಿಟ್ಟು ನೀರಿಟ್ಟು ಸುಮ್ಮನಾಗಿ. ಏಳು ದಿನ ಮುಟ್ಟುವುದು ಬೇಡ, ಮಕ್ಕಳಿಗೆ ತೋರಿಸುವುದೂ ಬೇಡ. ಎಂಟನೇ ದಿನ, ಬ್ರೀಡರ್ ಕೊಡುತ್ತಿದ್ದ ಇಲಿಗಿಂತ ಒಂದು ಗಾತ್ರ ಚಿಕ್ಕದನ್ನು ಕೊಡಿ. ಹೆಪ್ಪುಗಟ್ಟಿದ ಇಲಿಯನ್ನು ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ರಾತ್ರಿಯಿಡೀ ಕರಗಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಡಿ. ಇಲಿಯ ತಲೆ ಅದರ ಮೈಗಿಂತ ಬಿಸಿಯಿರಬೇಕು, ಹಾವು ಹಿಡಿಯುವುದು ಅಲ್ಲಿಂದ. ಮೈಕ್ರೋವೇವ್ ಬೇಡ: ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಸಂಜೆ ದೀಪ ಆರಿಸಿ ಉದ್ದ ಚಿಮುಟದಲ್ಲಿ ಹಿಡಿದು ಕೊಡಿ. ತಿನ್ನದಿದ್ದರೆ ರಾತ್ರಿ ಅಲ್ಲೇ ಬಿಟ್ಟು ಬೆಳಿಗ್ಗೆ ತೆಗೆಯಿರಿ, ಮತ್ತೆ ಹತ್ತು ದಿನ ಕೇಳಬೇಡಿ. ದಿನಾ ಇಲಿ ತೋರಿಸಿದರೆ ಹಾವು ಇನ್ನಷ್ಟು ದೂರ ಸರಿಯುತ್ತದೆ.

ಮರಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೊಂದು ಊಟ, ಮೈಯ ದಪ್ಪ ಭಾಗಕ್ಕಿಂತ ದಪ್ಪದ ಇಲಿ ಬೇಡ. ಬೆಳೆದದ್ದಕ್ಕೆ ತಿಂಗಳಿಗೊಂದು ಸಾಕು. ಬೋವಾ ಜೀರ್ಣಿಸುವುದು ನಿಧಾನ. ಬೇಗ ಬೆಳೆಸಲು ವಾರಕ್ಕೊಂದು ಕೊಟ್ಟರೆ ಕಕ್ಕುತ್ತದೆ. ಕಕ್ಕಿದ ಹಾವಿಗೆ ಮರುದಿನವೇ ಕನಿಕರಪಟ್ಟು ಇನ್ನೊಂದು ಕೊಟ್ಟರೆ ಅದೂ ಹೊರಬರುತ್ತದೆ. ಹೊಟ್ಟೆಯ ಆಮ್ಲ ಮತ್ತು ಜೀರ್ಣರಸ ಮರಳಲು ಸಮಯ ಬೇಕು. ಹದಿನಾಲ್ಕು ದಿನ ಬರೀ ನೀರು, ಬಿಸಿ ತುದಿಯ ಉಷ್ಣತೆ ಸರಿಯಿದೆಯೇ ಎಂದು ಮತ್ತೊಮ್ಮೆ ಅಳತೆ, ಆಮೇಲೆ ಹಿಂದಿನದರ ಅರ್ಧ ತೂಕದ ಇಲಿ, ತಿಂದ ಮೇಲೆ ಮೂರು ದಿನ ಗೂಡಿನ ಬಾಗಿಲೂ ತೆರೆಯಬೇಡಿ. ಅದನ್ನೂ ಕಕ್ಕಿದರೆ ಕಕ್ಕಿದ್ದನ್ನು ಜಿಪ್ ಕವರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಿರಿ. ಕ್ರಿಪ್ಟೊಸ್ಪೋರಿಡಿಯಂ ಎಂಬ ಪರಾವಲಂಬಿ ಇದೆಯೇ ಎಂದು ನೋಡಲು ಅವರಿಗೆ ಅದೇ ಬೇಕಾಗುತ್ತದೆ. ಬ್ರೀಡರ್‌ಗೂ ತಿಳಿಸಿ, ಅದೇ ಸೂಲಿನ ಬೇರೆ ಮರಿಗಳು ಹೇಗಿವೆ ಎಂದು ಹೇಳಬಲ್ಲವರು ಅವರೊಬ್ಬರೇ.